ಲಕ್ವಕ್ಕೆ ಸೂಜಿ: ಪೂರಕವೆ, ಬದಲಿಯೆ?

ನಮ್ಮ ಕಡೆ ಯಾರಿಗಾದರೂ ಲಕ್ವ ಹೊಡೆಯಿತೆಂದರೆ ನೋಡಲು ಬಂದವರು ಮೊದಲು ಕೇಳುವುದು, "ಪಾರಿವಾಳದ ರಕ್ತ ಹಚ್ಚಿದಿರಾ?" ಎಂದು. ಆಮೇಲೆ ನಾಟಿ ಔಷಧ ಕೊಡುವವರ ಊರಿನ ಹೆಸರು ಬರುತ್ತದೆ. ಈಚೆಗೆ ಈ ಸಾಲಿಗೆ ಸೂಜಿಚಿಕಿತ್ಸೆಯೂ, ಎಂದರೆ ಅಕ್ಯುಪಂಕ್ಚರೂ, ಸೇರಿಕೊಂಡಿದೆ. ಓದಿದವರಲ್ಲಿ ಕೆಲವರು ಇದನ್ನು ಪಾರಿವಾಳದ ಪಕ್ಕದಲ್ಲೇ ಕೂರಿಸಿ ನಗುತ್ತಾರೆ. ಮತ್ತೆ ಕೆಲವರು ಪುರಾತನ ವಿದ್ಯೆ ಎಂದ ಮಾತ್ರಕ್ಕೆ ಕೈಮುಗಿಯುತ್ತಾರೆ. ಎರಡು ಪಕ್ಷವೂ ನನಗೆ ಒಪ್ಪಿಗೆಯಾಗಿಲ್ಲ. ನಾನು ವೈದ್ಯಶಾಸ್ತ್ರ ಓದಿದವನಲ್ಲ, ನಿಜ. ಆದರೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಈ ವಿಷಯವನ್ನು ಹುಡುಕಿ ಓದುವಂತೆ ಮಾಡಿತು.

2023ರ ಮಳೆಗಾಲದಲ್ಲಿ ನನ್ನ ಸೋದರಮಾವನಿಗೆ ಬಲಗೈ ಬಲಗಾಲು ಬಿದ್ದುವು. ಎಂಟು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಒಂದು ಚೀಟಿ ಕೊಟ್ಟು ಕಳಿಸಿದರು. ಚೀಟಿ ಇಂಗ್ಲಿಷಿನಲ್ಲಿತ್ತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಓದಿ ಹೇಳುವ ಹೊಣೆ ನನ್ನದಾಯಿತು. ಮಾತ್ರೆಗಳ ಹೆಸರು, ಹೊತ್ತು ಎಲ್ಲವನ್ನೂ ಜಂಬದಿಂದಲೇ ಹೇಳಿದೆ. ಕಡೆಯ ಸಾಲಿನಲ್ಲಿ ಫಿಸಿಯೋಥೆರಪಿ ಎಂಬ ಒಂದೇ ಒಂದು ಪದವಿತ್ತು. "ಏನೋ ಕೈಕಾಲು ಆಡಿಸೋದಂತೆ" ಎಂದು ಹೇಳಿ ಚೀಟಿ ಮಡಿಸಿಟ್ಟೆ.

ಆಮೇಲೆ ಪೇಟೆಯಲ್ಲಿ ಸೂಜಿ ಹಾಕುವವರೊಬ್ಬರ ಸುದ್ದಿ ತಿಳಿಯಿತು. ಎರಡು ಕುರಿ ಮಾರಿ ಹದಿನೈದು ಸಲ ಹೋಗಿಬಂದರು. ಮೂರು ತಿಂಗಳಲ್ಲಿ ಮಾವ ಕೋಲು ಹಿಡಿದು ಅಂಗಳಕ್ಕೆ ಬಂದ. ಸೂಜಿಯ ಮಹಿಮೆ ಊರೆಲ್ಲ ಹರಡಿತು. ಆದರೆ ಕೈ ಮಾತ್ರ ಮುಷ್ಟಿಯಾಗಿ ಬಿಗಿದುಕೊಂಡಿತ್ತು. ಭುಜ ಎತ್ತಿದರೆ ಅರಚುತ್ತಿದ್ದ.

ಕಾಲು ಬಂದದ್ದು ಸೂಜಿಯಿಂದಲೆ? ಲಕ್ವ ಹೊಡೆದ ಮೊದಲ ಮೂರು ತಿಂಗಳಲ್ಲಿ ಮೆದುಳು ತಾನಾಗಿಯೇ ಬಹಳಷ್ಟನ್ನು ಸರಿಪಡಿಸಿಕೊಳ್ಳುತ್ತದೆ. ಆ ಕಾಲದಲ್ಲಿ ಏನು ಮಾಡಿದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ, ಪಾರಿವಾಳಕ್ಕೂ ಸಹ. ಆದ್ದರಿಂದಲೇ ಹೋಲಿಕೆ ಬೇಕು. ಇದಕ್ಕೆ ಸ್ವೀಡನ್ ದೇಶದ ಒಂದು ನಿದರ್ಶನ ನನ್ನ ಮನಸ್ಸಿನಲ್ಲಿ ನಿಂತಿದೆ. 1993ರಲ್ಲಿ ಬಾರ್‌ಬ್ರೊ ಯೊಹಾನ್ಸನ್ ಎಂಬ ವಿದುಷಿಯೂ ಸಂಗಡಿಗರೂ 78 ಮಂದಿ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಎಲ್ಲರಿಗೂ ದಿನವೂ ವ್ಯಾಯಾಮ ಚಿಕಿತ್ಸೆ. ಸುಮಾರು ಅರ್ಧದಷ್ಟು ಜನರಿಗೆ ಅದರ ಮೇಲೆ ಹತ್ತು ವಾರ ಸೂಜಿ. ಸೂಜಿಯ ಗುಂಪಿನವರು ನಡಿಗೆಯಲ್ಲಿಯೂ ದೈನಂದಿನ ಕೆಲಸಗಳಲ್ಲಿಯೂ ಮುಂದಾದರು. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಜಯಭೇರಿ ಹೊಡೆಯುತ್ತಿದ್ದರು. ಈಕೆಯೂ ಸಂಗಡಿಗರೂ ಮತ್ತೆ 150 ರೋಗಿಗಳನ್ನು ತೆಗೆದುಕೊಂಡರು. ಈ ಸಲ ಸೂಜಿ ಇಲ್ಲದವರಿಗೂ ಅಷ್ಟೇ ಉಪಚಾರ: ಒಂದು ಗುಂಪಿಗೆ ಚರ್ಮದ ಮೂಲಕ ಸ್ನಾಯುವನ್ನು ಕುಣಿಸುವ ವಿದ್ಯುತ್ತು, ಇನ್ನೊಂದಕ್ಕೆ ತಿಳಿಯದಷ್ಟು ಮೆಲ್ಲನೆಯ ವಿದ್ಯುತ್ತು. 2001ರಲ್ಲಿ ಫಲ ಹೊರಬಂದಾಗ ಮೂರು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ತಮ್ಮ ಹಿಂದಿನ ಮಾತಿಗೆ ವಿರೋಧವಾಗಿ ಬಂದದ್ದನ್ನು ತಾವೇ ಅಚ್ಚು ಹಾಕಿಸಿದರಲ್ಲ, ಅದು ದೊಡ್ಡದು.

ಹಾಗಾದರೆ ಸೂಜಿ ಸುಳ್ಳೆ? ಅಷ್ಟು ಅವಸರ ಬೇಡ. ಇಂಥ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯು 2016ರಲ್ಲಿ 31 ಪರೀಕ್ಷೆಗಳನ್ನು, 2257 ರೋಗಿಗಳ ಸಂಗತಿಯನ್ನು, ಪರಿಶೀಲಿಸಿತು. ಉಪಯೋಗವಾಗಬಹುದೆಂಬ ಸೂಚನೆಗಳಿವೆ, ಗಂಭೀರ ಅಪಾಯ ಕಂಡಿಲ್ಲ, ಆದರೆ ಬಹುಪಾಲು ಪರೀಕ್ಷೆಗಳ ಗುಣಮಟ್ಟ ಸಾಲದು, ಎಲ್ಲರಿಗೂ ವಾಡಿಕೆಯಾಗಿ ಕೊಡಿರೆನ್ನಲು ಆಧಾರ ಸಾಲದು ಎಂಬುದು ಅದರ ತೀರ್ಮಾನದ ಸಾರ. 2019ರಲ್ಲಿ ಭಾರತ ಸರ್ಕಾರವು ಅಕ್ಯುಪಂಕ್ಚರನ್ನು ಸ್ವತಂತ್ರ ಪದ್ಧತಿಯೆಂದು ಮನ್ನಿಸಿದೆ. ಆದರೆ ಮನ್ನಣೆಯೇ ಪ್ರಮಾಣವಲ್ಲ.

ಈ ಚಿಕಿತ್ಸೆಯನ್ನು 'ಪೂರಕ' ಎಂದು ಕರೆಯುತ್ತಾರೆ. ನನ್ನ ತಕರಾರು ಆ ಪದದ ಬಗ್ಗೆ. ಪೂರಕವೆಂದರೆ ಇದ್ದುದಕ್ಕೆ ಕೂಡಿಸುವುದು. ಸ್ವೀಡನ್ನಿನಲ್ಲಿ ದಿನವೂ ವ್ಯಾಯಾಮವಿತ್ತು, ಅದರ ಮೇಲೆ ಸೂಜಿ. ನಮ್ಮ ಮಾವನಿಗೆ ಏನಿತ್ತು? ಅನ್ನವಿಲ್ಲದ ಎಲೆಗೆ ಉಪ್ಪಿನಕಾಯಿ ಬಡಿಸಿದಂತಾಯಿತು. ಬಿದ್ದ ಕೈಯನ್ನು ದಿನಕ್ಕೆ ಹತ್ತಾರು ಬಾರಿ ಮೆಲ್ಲಗೆ ಆಡಿಸಬೇಕು, ಭುಜ ಜೋತುಬೀಳದಂತೆ ಆತುಕೊಡಬೇಕು, ಬಂದಷ್ಟು ಬಲದಿಂದ ಲೋಟ ಹಿಡಿಯುವುದನ್ನೇ ನೂರು ಸಲ ಮಾಡಿಸಬೇಕು. ಇದಕ್ಕೆ ಕುರಿ ಮಾರಬೇಕಾಗಿರಲಿಲ್ಲ. ತಿಳಿದವರೊಬ್ಬರು ಹೇಳಿಕೊಡಬೇಕಾಗಿತ್ತು, ಮತ್ತು ಚೀಟಿ ಓದಿದವನಿಗೆ ಓದಿದ್ದು ಅರ್ಥವಾಗಬೇಕಾಗಿತ್ತು.

ಸೂಜಿ ಹಾಕಿದವರನ್ನು ನಾನು ದೂರಲಾರೆ. ಇದನ್ನೆಲ್ಲ ಮಾವನಿಗೆ ಹೇಳಿದಾಗ ಅವನೆಂದ: "ನೀ ಏನಾರ ಅನ್ನಪ್ಪ. ಆ ಡಾಕ್ಟ್ರು ಅರ್ಧ ಗಂಟೆ ಕೈ ಹಿಡ್ಕಂಡು ಮಾತಾಡ್ಸೋರು. ಆಸ್ಪತ್ರೇಲಿ ಯಾರು ಮುಟ್ಟುದ್ರು?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬದುಕಿನ ಆಸೆಯನ್ನೇ ಬಿಟ್ಟಿದ್ದ ಮನುಷ್ಯ ವಾರಕ್ಕೆರಡು ಸಲ ಗಡ್ಡ ಹೆರೆಸಿಕೊಂಡು ಬಸ್ಸು ಹತ್ತುತ್ತಿದ್ದನಲ್ಲ, ಅದೂ ಸಣ್ಣ ಮಾತಲ್ಲ.

ಶುದ್ಧವಾದ ಹೊಸ ಸೂಜಿ, ಕಲಿತ ಕೈ, ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ಮೊದಲೇ ತಿಳಿಸುವುದು, ಇವಿಷ್ಟಿದ್ದು ವ್ಯಾಯಾಮವೂ ನಡೆಯುತ್ತಿದ್ದರೆ ಸೂಜಿ ಹಾಕಿಸಿಕೊಳ್ಳಲಿ, ನಾನು ಅಡ್ಡಬರುವುದಿಲ್ಲ. ಆದರೆ ಲಕ್ವ ಹೊಡೆದ ಹೊತ್ತಿಗೇ ಅಲ್ಲಿಗೆ ಓಡುವುದು ಸಲ್ಲದು. ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4½ ಗಂಟೆಯೊಳಗೆ, ಅದೂ ಸ್ಕ್ಯಾನ್ ಮಾಡಿ ನೋಡಿಯೇ, ಕೊಡಬೇಕು. ಇನ್ನು ಆಸ್ಪತ್ರೆಯ ಚೀಟಿ ಕನ್ನಡದಲ್ಲಿರಬೇಕು. ಫಿಸಿಯೋಥೆರಪಿ ಎಂದು ಒಂದು ಪದ ಗೀಚಿ ಬಿಡದೆ, ಯಾವ ಕೈ, ಹೇಗೆ, ಎಷ್ಟು ಸಲ ಎಂದು ಬರೆದು, ಮನೆಯವರೊಬ್ಬರಿಗೆ ಮಾಡಿ ತೋರಿಸಿ ಕಳಿಸಬೇಕು.

ಈಗ ಪ್ರತಿ ಭಾನುವಾರ ಊರಿಗೆ ಹೋದಾಗ ಮಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತೇನೆ. ಉಳಿದ ದಿನ ಅತ್ತೆ ಮಾಡುತ್ತಾಳೆ. ಹೆಬ್ಬೆರಳು ಸ್ವಲ್ಪ ಸಡಿಲವಾಗಿದೆ. ಮಿಕ್ಕ ನಾಲ್ಕು ಇನ್ನೂ ಬಿಗಿಯಾಗಿಯೇ ಇವೆ.