ಸತ್ತ ಕುದುರೆಗೆ 32,000, ಬದುಕಿದ ಕುದುರೆಗೆ?

ಮೊನ್ನೆ ಗುರುವಾರ ಸ್ಟ್ಯಾಂಡಪ್ ಮೀಟಿಂಗ್ ನಡುವೆ ಕಾಕಾನ ಫೋನು. ಮ್ಯೂಟ್ ಒತ್ತಿ ಹೊರಗೆ ಬಂದೆ.

"ತಮ್ಮಾ, ಕುದರಿ ಮಾರಬೇಕಂತ ಮಾಡೇನಿ. ಕಣಕಿ ಸೂಡಿಗೆ ಮೂವತ್ತು ಕೇಳಾಕತ್ತಾರ. ನನ್ನ ಹೊಟ್ಟಿ ನೋಡ್ಲ್ಯೋ, ಅದರ ಹೊಟ್ಟಿ ನೋಡ್ಲ್ಯೋ?"

ನಾನು ಒಂದು ಸೆಕೆಂಡೂ ಯೋಚಿಸಲಿಲ್ಲ. "ಮಾರಿಬಿಡ್ರಿ ಕಾಕಾ. ಒಂದು ಸೆಕೆಂಡ್ ಹ್ಯಾಂಡ್ ಛೋಟಾ ಹಾಥಿ ತಗೋರಿ, ಲೋನ್ ನಾ ನೋಡ್ಕೋತೀನಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಛೋಟಾ ಹಾಥಿ ಹೊಲದ ಒಡ್ಡು ಏರತೈತೇನೋ?" ಅಂತ ಕೇಳಿ ಫೋನ್ ಇಟ್ಟುಬಿಟ್ಟರು.

ಬೆಂಗಳೂರಲ್ಲಿ ಕುದುರೆ ಅಂದ್ರೆ ರೇಸ್ ಕೋರ್ಸು, ಮದುವೆ ಮೆರವಣಿಗೆ. ನಮ್ಮ ಟೀಮ್‌ನ ಹುಡುಗ ವೀಕೆಂಡ್ ರೈಡಿಂಗ್ ಕ್ಲಾಸಿಗೆ ಹೋಗ್ತಾನೆ. ಊಟದ ಹೊತ್ತಿಗೆ ಕಾಕಾನ ಕಥೆ ಹೇಳಿದೆ. "ಮೇವಿಗೆ ದುಡ್ಡಿಲ್ಲದಿದ್ರೆ ಕುದುರೆ ಯಾಕೆ ಸಾಕ್ಬೇಕು ಗುರೂ? ಅದು ಲಕ್ಷುರಿ ಅಲ್ವಾ?" ಅಂದ. ನನಗೆ ಸಿಟ್ಟು ಬಂತು. ಬೆಳಿಗ್ಗೆ ನಾನು ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬಂತು.

ನಮ್ಮ ಕುದುರೆ ನೋಡಿದ್ರೆ ನೀವು ನಗ್ತೀರಿ. ಕತ್ತೆಗಿಂತ ಎರಡು ಗೇಣು ಎತ್ತರ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕುರಿ ಹಿಂಡು ಹೊಡೆದುಕೊಂಡು ವರ್ಷದ ಬಹುಪಾಲು ಅಡವಿ ಅಲೆಯೋ ಕುರುಬರ ಮನೆ ಅದರ ಬೆನ್ನ ಮೇಲಿರುತ್ತೆ. ಪಾತ್ರೆ, ಕಂಬಳಿ, ಕುರಿ ಕೂಡೋ ಬಲೆ, ಹಿಟ್ಟಿನ ಚೀಲ, ನಿನ್ನೆ ರಾತ್ರಿ ಹುಟ್ಟಿದ ಮರಿ, ಕಾಲು ಕಟ್ಟಿದ ಕೋಳಿ, ಒಮ್ಮೊಮ್ಮೆ ಕೂಸು ಕೂಡ. ನಾನೂ ಮೂರು ವರ್ಷದವನಿದ್ದಾಗ ಹಾಗೇ ಹೋಗಿದ್ದೆನಂತೆ. ರಸ್ತೆ ಇಲ್ಲದ ಕಡೆ ಹಿಂಡು ಹೋಗುತ್ತೆ, ಹಿಂಡಿನ ಹಿಂದೆ ಕುದುರೆ. ಇದು ಲಕ್ಷುರಿ ಆದ್ರೆ ನನ್ನ ಲ್ಯಾಪ್‌ಟಾಪೂ ಲಕ್ಷುರಿ.

ಖರ್ಚಿನ ಲೆಕ್ಕ ನೋಡ್ರಿ. ಕುದುರೆ ತನ್ನ ತೂಕದ ಶೇಕಡಾ 2ರಷ್ಟು ಒಣ ಮೇವು ತಿನ್ನುತ್ತೆ. 250 ಕೆಜಿ ತೂಗೋ ನಾಟಿ ಕುದುರೆಗೆ ದಿನಕ್ಕೆ 5 ಕೆಜಿ. ತುಳಿದು ಹಾಳು ಮಾಡೋದೂ ಸೇರಿ ಕಾಕಾನ ಲೆಕ್ಕದಲ್ಲಿ ಒಂದೂವರೆ ಸೂಡು, ಅಂದ್ರೆ 45 ರೂಪಾಯಿ. ತಿಂಗಳಿಗೆ 1,350. ಮೇಲೆ ಹುರುಳಿ ಬೇರೆ. ಅಗ್ಗಕ್ಕೆ ಸಿಗೋ ಬೂಸ್ಟು ಹಿಡಿದ ಮೇವು ಹಾಕೋಣ ಅಂದ್ರೆ ಅದೂ ಆಗಲ್ಲ. ಕುದುರೆ ಮೆಲುಕು ಹಾಕೋ ಪ್ರಾಣಿ ಅಲ್ಲ, ತಿಂದದ್ದನ್ನ ವಾಂತಿ ಮಾಡೋಕೂ ಬರಲ್ಲ. ಕೆಟ್ಟ ಮೇವು ಹೋದ್ರೆ ಹೊಟ್ಟೆಶೂಲೆ ಎದ್ದು ಉರುಳಾಡಿ ಸಾಯುತ್ತೆ. ನಮ್ಮ ಅಜ್ಜನ ಕಾಲದಲ್ಲಿ ಕುದುರೆಗೆ ಮೇವು ಕೊಳ್ಳೋದು ಅಂದ್ರೆ ನೀರು ಕೊಂಡ ಹಾಗೆ, ಜನ ನಗ್ತಿದ್ರು. (ಈಗ ನೀರೂ ಕೊಳ್ತೀವಿ, ಅದು ಬೇರೆ ಮಾತು.)

ಈ ಮೇವು ಎಲ್ಲಿ ಹೋಯ್ತು? ಮಳೆ ಇಲ್ಲ ಅಂತ ಹೇಳಿ ಕೈ ತೊಳ್ಕೊಳ್ಳೋಕೆ ಆಗಲ್ಲ. ಹಿಡಕಲ್ ಡ್ಯಾಮ್ ಇದೆ, ಘಟಪ್ರಭಾ ಕಾಲುವೆ ಇದೆ, ಬಸ್ಸಿನ ಕಿಟಕಿಯಿಂದ ನೋಡಿದ್ರೆ ಕಣ್ಣು ಹಾಯೋವರೆಗೂ ಹಸಿರು. ಆ ಹಸಿರೆಲ್ಲ ಕಬ್ಬು. ಮೊದಲು ಜೋಳ ಕೊಯ್ದ ಮೇಲೆ ಹೊಲ ಖಾಲಿ ಬೀಳ್ತಿತ್ತು. ರೈತರೇ ಕರೆದು ಹೊಲದಲ್ಲಿ ಕುರಿ ನಿಲ್ಲಿಸ್ಕೊಳ್ತಿದ್ರು. ಹಿಕ್ಕೆ ಗೊಬ್ಬರಕ್ಕೆ ಬದಲು ಕಾಳು ಕೊಡೋರು, ಕುದುರೆ ಪುಕ್ಕಟೆ ಕೂಳೆ ಮೇಯ್ತಿತ್ತು. ಕಬ್ಬು ವರ್ಷವಿಡೀ ಹೊಲ ಬಿಡಲ್ಲ. ಕಡಿದ್ರೆ ಮತ್ತೆ ಕುಳೆ ಚಿಗುರುತ್ತೆ. ತುದಿಯ ಹಸಿ ಸೋಗೆ ಕಡಿಯೋ ಗ್ಯಾಂಗಿನವರ ಪಾಲು, ಅವರು ಕಟ್ಟು ಕಟ್ಟಿ ಮಾರ್ತಾರೆ. ಮಾರಲಿ, ಅವರ ಹೊಟ್ಟೆಪಾಡು. ಆದರೆ ಮಶಿನ್ ಇಳಿದ ಹೊಲದಲ್ಲಿ ಆ ಕಟ್ಟೂ ಇಲ್ಲ, ಎಲ್ಲ ಚೂರು ಚೂರು. ಉಳಿದ ರವದಿಗೆ ಬೆಂಕಿ. ಆ ಬೆಂಕಿಗೆ ಒಡ್ಡಿನ ಹುಲ್ಲೂ ಸುಟ್ಟುಹೋಗುತ್ತೆ, ಕುದುರೆಗೆ ಉಳಿದಿದ್ದ ಕೊನೆ ತುತ್ತು ಅದು.

ಹೊಲ ಬೇಡ, ಗಾಯರಾಣಕ್ಕೆ ಹೋಗಲಿ ಅಂತೀರಾ? ಪ್ರತಿ 100 ಜಾನುವಾರಿಗೆ 30 ಎಕರೆ ಉಚಿತ ಹುಲ್ಲುಗಾವಲು ಬಿಡಬೇಕು ಅಂತ ಕರ್ನಾಟಕ ಭೂಕಂದಾಯ ನಿಯಮಗಳು, 1966 ಹೇಳುತ್ತವೆ. ಓದೋಕೆ ಚಂದ. ಆದರೆ 1964ರ ಮೂಲ ಕಾಯ್ದೆಯ ಪ್ರಕಾರ ಆ ಹುಲ್ಲಿನ ಹಕ್ಕು ಆಯಾ ಊರಿನ ಜಾನುವಾರಿಗೆ ಮಾತ್ರ. ಇವತ್ತು ಹುಕ್ಕೇರಿ ಕಡೆ, ಮುಂದಿನ ವಾರ ಗೋಕಾಕ ಕಡೆ ಇರೋ ಕುದುರೆ ಯಾವ ಊರಿನದು? ಕಾಗದದ ಮೇಲೆ ಎಲ್ಲಿಯದೂ ಅಲ್ಲ. ಒಂದು ಬರಗಾಲದಲ್ಲಿ ಕಾಕಾ ಸರ್ಕಾರಿ ಮೇವು ಕೇಳೋಕೆ ಹೋಗಿದ್ರು. "ದನಕ್ಕ ಐತಿ, ಕುದರಿಗೆ ಇಲ್ಲ" ಅಂದು ಕಳಿಸಿದರಂತೆ.

ಆದರೆ ಅದೇ ಕುದುರೆ ಪ್ರವಾಹದಲ್ಲಿ ಕೊಚ್ಚಿಹೋದ್ರೆ ಸರ್ಕಾರಕ್ಕೆ ಅದರ ನೆನಪಾಗುತ್ತೆ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಒಂಟೆ, ಕುದುರೆ, ಎತ್ತು ಸತ್ತರೆ ತಲಾ 32,000 ರೂಪಾಯಿ. ಅಂದ್ರೆ ಕುದುರೆ ದುಡಿಯೋ ಪ್ರಾಣಿ ಅಂತ ಅವರಿಗೂ ಗೊತ್ತು. ಕಾಕಾನ ಲೆಕ್ಕಕ್ಕೆ ಆ ಹಣದಲ್ಲಿ ಸುಮಾರು ಎರಡು ವರ್ಷದ ಮೇವು ಬರುತ್ತೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 6.25 ಲಕ್ಷ ಇದ್ದ ಕುದುರೆಗಳು 2019ರಲ್ಲಿ 3.4 ಲಕ್ಷಕ್ಕೆ ಇಳಿದವು. ಹೀಗೆ ಸಾಕಿದ್ರೆ ಇಳಿಯದೆ ಏನು ಮಾಡ್ತಾವೆ?

2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಕೂತಾಗ ಇಡೀ ರಾಜ್ಯ ಆ ಕಡೆ ನೋಡ್ತು. ಟನ್‌ಗೆ 3,500 ಕೇಳಿದ್ರು, 3,300ಕ್ಕೆ ಮುಗೀತು. ನಾನೂ ಸ್ಟೇಟಸ್ ಹಾಕಿದ್ದೆ. ಹಾಕಲೇಬೇಕು, ನಾನು ಬಿಇ ಓದಿದ್ದೇ ಕಬ್ಬಿನ ಬಿಲ್ಲಲ್ಲಿ. ಅಪ್ಪ ಕುರಿ ಬಿಟ್ಟು ನೀರಾವರಿ ಹಿಡಿದರು, ಕಾಕಾ ಕುರಿ ಹಿಂದೆ ಹೋದರು. ನಮ್ಮ ಹೊಲದ ರವದಿಗೂ ಪ್ರತಿ ವರ್ಷ ಬೆಂಕಿ ಬೀಳುತ್ತೆ. ಕಾಕಾನ ಕುದುರೆಯ ಮೇವು ತಿಂದವರಲ್ಲಿ ನಾನೂ ಒಬ್ಬ.

ಅಪ್ಪನಿಗೆ ಹೇಳಿದೆ, "ಒಂದು ಎಕರೆ ಮಾಲದಂಡಿ ಜೋಳ ಹಾಕ್ರಿ." ಅಪ್ಪ ನಕ್ಕರು. "ಲೆಕ್ಕಾ ಹಾಕೋ ಇಂಜಿನಿಯರಾ." ಹಾಕಿದೆ. ಎಕರೆಗೆ 40 ಟನ್ ಕಬ್ಬು, 1,32,000 ರೂಪಾಯಿ. ಜೋಳ 6 ಕ್ವಿಂಟಾಲ್, ಮಾಲದಂಡಿಯ 2025–26ರ ಬೆಂಬಲ ಬೆಲೆ 3,749, ಒಟ್ಟು 22,494. ಖರ್ಚು ಕಳೆದ್ರೂ ಅಪ್ಪನೇ ಗೆಲ್ಲೋದು. ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡು ಏನು ಮಾಡ್ಲಿ? ಆ ಬೆಂಬಲ ಬೆಲೆ ತೆನೆಯ ಕಾಳಿಗೆ ಮಾತ್ರ, ಆಳೆತ್ತರದ ಕಣಕಿಯನ್ನ ಯಾರೂ ಖರೀದಿ ಕೇಂದ್ರದಲ್ಲಿ ಕೊಳ್ಳಲ್ಲ. ಅದಕ್ಕೂ ಒಂದು ಬೆಲೆ ಕಟ್ಟಿ ಸರ್ಕಾರ ಕೊಳ್ಳಲಿ, ಬರದಲ್ಲಿ ಹಂಚಲಿ, ಹಂಚುವಾಗ ಕುದುರೆಯನ್ನೂ ಎಣಿಸಲಿ. ಹಾದುಹೋಗೋ ಹಿಂಡಿಗೆ ಗಾಯರಾಣದಲ್ಲಿ ನಾಲ್ಕು ದಿನ ನಿಲ್ಲೋ ಹಕ್ಕು ಬರೆದುಕೊಡಲಿ. ಇದಕ್ಕೆ ಯಾರೂ ಗುರ್ಲಾಪುರ ಕ್ರಾಸಿನಲ್ಲಿ ಕೂರಲ್ಲ. ಕೇಳಬೇಕಾದವರು ಕುರಿ ಬಿಟ್ಟು ಎಲ್ಲಿ ಕೂರ್ತಾರೆ?

ಕೊನೆಗೆ ಅಪ್ಪ ಹತ್ತು ಗುಂಟೆಗೆ ಒಪ್ಪಿದ್ದಾರೆ, ಮುಂದಿನ ಹಿಂಗಾರಿಗೆ. ಮೂರ್ನಾಲ್ಕು ತಿಂಗಳ ಮೇವು ಬಂದೀತು. ಕಾಕಾನಿಗೆ ಹೇಳಿದೆ. "ಆತು, ಅಲ್ಲೀಮಟ ಇಟ್ಕೊಂಡಿರ್ತೀನಿ" ಅಂದರು. ಅಲ್ಲೀವರೆಗಿನ ಕಣಕಿಗೆ ರೊಕ್ಕ ಕಳಿಸ್ತೀನಿ ಅಂದೆ, ಅದಕ್ಕೆ ಮಾತ್ರ ಹ್ಞೂಂ ಅನ್ನಲಿಲ್ಲ.