ಹರಾಜಿಗಿಂತ ಮೊದಲು ಮಿತಿ

ಮಲೆನಾಡಿನವರಿಗೆ ಹರಾಜು ಹೊಸತಲ್ಲ. ಮಂಡಿಯಲ್ಲಿ ಅಡಿಕೆಗೆ ಟೆಂಡರು ಬರೆಯುತ್ತಾರೆ. ಅರಣ್ಯ ಇಲಾಖೆಯ ಡಿಪೋದಲ್ಲಿ ನಾಟಾ ಹರಾಜಾಗುತ್ತದೆ. ಉಪ್ಪಾಗೆ, ಸೀಗೆಕಾಯಿ, ರಾಮಪತ್ರೆಗಳನ್ನು ಕಾಡಿನಿಂದ ಸಂಗ್ರಹಿಸುವ ಹಕ್ಕನ್ನು ಗುತ್ತಿಗೆದಾರರು ಟೆಂಡರಿನಲ್ಲಿ ಪಡೆಯುವುದನ್ನು ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ದೇವರ ಮುಂದಿನ ಫಲಾವಳಿಯನ್ನೂ ಸವಾಲು ಕೂಗಿಯೇ ಕೊಡುತ್ತೇವೆ. ಆದರೆ ಈ ಹರಾಜಿನ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಗಂಭೀರವಾದ ಒಂದು ಶಾಸ್ತ್ರವೇ ಬೆಳೆದಿದೆ ಎಂಬುದನ್ನೂ, ಆ ಶಾಸ್ತ್ರದ ಪ್ರಮುಖ ಸಂಶೋಧನೆಗಳಲ್ಲಿ ಹಲವು ಕಾಡಿನ ಮರಗಳ ಮಾರಾಟವನ್ನೇ ಆಧರಿಸಿವೆ ಎಂಬುದನ್ನೂ ಬಲ್ಲವರು ನಮ್ಮಲ್ಲಿ ಕಡಿಮೆ.

ಇದನ್ನು ತಿಳಿಯಬೇಕಾದ ಕಾಲ ಬಂದಿದೆ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು 122 ದೂರಸಂಪರ್ಕ ಪರವಾನಗಿಗಳನ್ನು ರದ್ದುಪಡಿಸಿದ ಮೇಲೆ, 2014ರಲ್ಲಿ ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ಅನೂರ್ಜಿತಗೊಳಿಸಿದ ಮೇಲೆ, ‘ಹರಾಜು ಹಾಕಿದರೆ ಎಲ್ಲ ಸರಿಹೋಗುತ್ತದೆ’ ಎಂಬ ನಂಬಿಕೆ ದೇಶದಲ್ಲಿ ಬೇರೂರಿದೆ. 2015ರ ತಿದ್ದುಪಡಿಯ ನಂತರ ಪ್ರಮುಖ ಖನಿಜಗಳ ಗಣಿ ಗುತ್ತಿಗೆಗೆ ಹರಾಜೇ ದಾರಿಯಾಯಿತು. ಮಂತ್ರಿಗಳ ಕೃಪೆಯಿಂದ ಹಂಚಿಕೆಯಾಗುವುದಕ್ಕಿಂತ ಹರಾಜು ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹರಾಜು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಯಾವ ಪ್ರಶ್ನೆಗೆ ಕೊಡಲಾರದು ಎಂಬ ವಿವೇಕವಿಲ್ಲದೆ ಬೆಟ್ಟ, ಕಾಡು, ಹೊಳೆಗಳನ್ನು ಸವಾಲಿಗಿಡುವುದು ಅಪಾಯಕರ.

ಶಾಸ್ತ್ರ ಹೇಳುವುದೇನು?

1961ರಲ್ಲಿ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು ಒಂದು ಸರಳ ಪ್ರಶ್ನೆಯನ್ನು ಎತ್ತಿದರು. ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆಯುವವನು ತನ್ನ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನು ಏಕೆ ಬರೆಯುವುದಿಲ್ಲ? ನೂರು ರೂಪಾಯಿ ಬಾಳುವ ಮಾಲಿಗೆ ನೂರನ್ನೇ ಬರೆದು ಗೆದ್ದರೆ ಲಾಭವೇನೂ ಉಳಿಯದು. ಆದ್ದರಿಂದ ಆತ ಉಳಿದವರು ಎಷ್ಟು ಬರೆದಾರೆಂದು ಊಹಿಸಿ, ಅದಕ್ಕಿಂತ ತುಸು ಹೆಚ್ಚು ಬರೆಯುತ್ತಾನೆ. ಉಳಿದವರೂ ಅವನ ಬಗ್ಗೆ ಹಾಗೆಯೇ ಊಹಿಸುತ್ತಿರುತ್ತಾರೆ. ಒಬ್ಬನ ನಡೆ ಇನ್ನೊಬ್ಬನ ನಡೆಯ ಊಹೆಯ ಮೇಲೆ ನಿಂತಿರುವ ಇಂಥ ಸನ್ನಿವೇಶಗಳ ಅಧ್ಯಯನವೇ ಗೇಮ್ ಥಿಯರಿ. ಗೆದ್ದವನು ತಾನು ಬರೆದ ಬೆಲೆಯನ್ನಲ್ಲದೆ ಎರಡನೆಯ ಸ್ಥಾನದವನು ಬರೆದ ಬೆಲೆಯನ್ನು ಕೊಡುವಂತೆ ನಿಯಮ ಮಾಡಿದರೆ, ಎಲ್ಲರೂ ನಿಜವನ್ನೇ ಬರೆಯುವುದು ಅವರವರಿಗೇ ಲಾಭಕರವಾಗುತ್ತದೆ ಎಂದು ವಿಕ್ರಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಘೋಷಣೆಯಾಯಿತು. ಮೂರೇ ದಿನಗಳಲ್ಲಿ ಅವರು ತೀರಿಕೊಂಡರು. ಇದೇ ದಾರಿಯಲ್ಲಿ ಮುಂದುವರಿದ ಪಾಲ್ ಮಿಲ್‌ಗ್ರಾಂ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ 2020ರಲ್ಲಿ ಆ ಪುರಸ್ಕಾರ ಸಂದಿತು.

ಈ ಶಾಸ್ತ್ರದ ಇನ್ನೊಂದು ಮುಖ್ಯ ಕಾಣ್ಕೆಯನ್ನು ‘ಗೆದ್ದವನ ಶಾಪ’ ಎನ್ನುತ್ತಾರೆ. 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ಕಡಲ ತಳದ ತೈಲ ನಿಕ್ಷೇಪಗಳ ಹರಾಜನ್ನು ಕುರಿತು ಇದನ್ನು ಮೊದಲು ಬರೆದರು. ನಮ್ಮಲ್ಲಿ ಅಡಿಕೆ ತೋಟದ ಫಸಲನ್ನು ಚೇಣಿಗೆ ಕೊಡುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮರದ ಮೇಲಿರುವ ಗೊನೆಗಳನ್ನು ಹತ್ತು ಜನ ನೋಡಿ ಹತ್ತು ಬಗೆಯಾಗಿ ಅಂದಾಜು ಮಾಡುತ್ತಾರೆ. ತೋಟ ಸಿಗುವುದು ಅತಿ ಹೆಚ್ಚು ಅಂದಾಜು ಮಾಡಿದವನಿಗೆ. ಅಂದರೆ ಬಹುಮಟ್ಟಿಗೆ ಅಂದಾಜು ತಪ್ಪಿದವನಿಗೆ. ಇದನ್ನು ಅರಿತ ಅನುಭವಸ್ಥರು ತಮ್ಮ ಅಂದಾಜಿಗಿಂತ ಕೆಳಗೇ ನಿಲ್ಲುತ್ತಾರೆ. ಹೊಸಬರು ಸೋತು ಕಲಿಯುತ್ತಾರೆ.

ಅಮೆರಿಕದ ಕಾಡಿನ ಲೆಕ್ಕ

ಸಿದ್ಧಾಂತ ಸರಿಯೇ ಎಂದು ಪರೀಕ್ಷಿಸಲು ಅಂಕಿ ಅಂಶಗಳು ಬೇಕು. ಜನ ಬರೆದ ಬೆಲೆಗಳಿಂದ ಅವರ ಮನಸ್ಸಿನ ಬೆಲೆಯನ್ನೂ ನಡವಳಿಕೆಯನ್ನೂ ಲೆಕ್ಕಹಾಕಿ ತೆಗೆಯುವ ವಿದ್ಯೆಯನ್ನು ಅರ್ಥಮಿತಿ ಎನ್ನಬಹುದು. ಅಮೆರಿಕದ ಅರಣ್ಯ ಇಲಾಖೆಯು ರಾಷ್ಟ್ರೀಯ ಅರಣ್ಯಗಳಲ್ಲಿ ನಿಂತ ಮರಗಳನ್ನೇ ಹರಾಜು ಹಾಕಿ, ಪ್ರತಿ ಬಿಡ್ಡಿನ ದಾಖಲೆಯನ್ನು ಇಟ್ಟಿದ್ದರಿಂದ ಸಂಶೋಧಕರಿಗೆ ಅದೊಂದು ನಿಧಿಯಾಯಿತು.

1997ರಲ್ಲಿ ಬಾಲ್ಡ್‌ವಿನ್, ಮಾರ್ಷಲ್ ಮತ್ತು ರಿಚರ್ಡ್ ಎಂಬ ಸಂಶೋಧಕರು ವಾಯವ್ಯ ಭಾಗದ ಕಾಡುಗಳಲ್ಲಿ 1970ರ ದಶಕದ ನಡುವಿನಿಂದ 1980ರ ದಶಕದ ಆರಂಭದವರೆಗೆ ನಡೆದ ಮಾರಾಟಗಳನ್ನು ಪರಿಶೀಲಿಸಿದರು. ಖರೀದಿದಾರರು ನಿಜವಾಗಿ ಪೈಪೋಟಿ ನಡೆಸುತ್ತಿದ್ದರು ಎಂಬ ಊಹೆಗಿಂತ, ತಮ್ಮೊಳಗೇ ಒಪ್ಪಂದ ಮಾಡಿಕೊಂಡಿದ್ದರು ಎಂಬ ಊಹೆಯೇ ಆ ಅಂಕಿಗಳಿಗೆ ಚೆನ್ನಾಗಿ ಹೊಂದುತ್ತದೆ ಎಂದು ಅವರು ಕಂಡರು. ಹರಾಜು ಕಟ್ಟೆಯ ಸುತ್ತ ನಿಂತ ನಾಲ್ವರು ಪರಸ್ಪರ ಕಣ್ಸನ್ನೆ ಮಾಡಿಕೊಂಡು ಬೆಲೆ ಏರದಂತೆ ನೋಡಿಕೊಳ್ಳುವುದು ನಮ್ಮ ನಾಡಿನ ವಿಶೇಷವೇನಲ್ಲ! ಇದಕ್ಕೆ ಮೊದಲೇ, 1976ರ ಕಾನೂನಿನಲ್ಲಿ ಅಮೆರಿಕದ ಸಂಸತ್ತು ಮುಚ್ಚಿದ ಲಕೋಟೆಯ ಪದ್ಧತಿಗೆ ಒತ್ತು ಕೊಟ್ಟಿತ್ತು. ಎರಡೇ ವರ್ಷಗಳಲ್ಲಿ ಆ ನಿಯಮವನ್ನು ಸಡಿಲಿಸಲಾಯಿತು. ಹರಾಜಿನ ನಿಯಮ ಬರೆಯುವುದೂ ರಾಜಕಾರಣವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನೂ ಸೂಕ್ಷ್ಮವಾದ ಸಂಗತಿಯನ್ನು 2001ರಲ್ಲಿ ಸುಸಾನ್ ಏಥಿ ಮತ್ತು ಜೊನಾಥನ್ ಲೆವಿನ್ ಬಯಲಿಗೆ ತಂದರು. ಇಲಾಖೆಯು ಒಂದು ಪ್ಲಾಟಿನಲ್ಲಿ ಯಾವ ಜಾತಿಯ ಮರ ಎಷ್ಟಿದೆಯೆಂದು ಅಂದಾಜು ಪ್ರಕಟಿಸುತ್ತದೆ. ಖರೀದಿದಾರ ಪ್ರತಿ ಜಾತಿಗೂ ಬೇರೆ ಬೇರೆ ದರ ಬರೆಯುತ್ತಾನೆ. ಇಲಾಖೆಯ ಅಂದಾಜಿನ ಮೇಲೆ ಒಟ್ಟು ಮೊತ್ತ ಯಾರದು ಹೆಚ್ಚೋ ಅವನಿಗೆ ಪ್ಲಾಟು. ಆದರೆ ಹಣ ಕಟ್ಟುವುದು ನಿಜವಾಗಿ ಕಡಿದ ಮರದ ಅಳತೆಗೆ. ಇಲ್ಲಿರುವ ಸಂದನ್ನು ಒಂದು ಉದಾಹರಣೆಯಿಂದ ನೋಡೋಣ. ಎರಡು ಜಾತಿಯ ಮರಗಳು 50 ಮತ್ತು 50 ಅಳತೆ ಇವೆಯೆಂದು ಇಲಾಖೆ ಹೇಳಿದೆ ಎನ್ನೋಣ. ಕಾಡು ಸುತ್ತಿ ಬಂದ ಖರೀದಿದಾರನಿಗೆ ನಿಜವಾಗಿ 40 ಮತ್ತು 60 ಇದೆಯೆಂದು ಗೊತ್ತಾಗಿದೆ. ಆತ ಮೊದಲನೆಯದಕ್ಕೆ 150, ಎರಡನೆಯದಕ್ಕೆ 50 ರೂಪಾಯಿ ದರ ಬರೆಯುತ್ತಾನೆ. ಕಾಗದದ ಮೇಲೆ ಒಟ್ಟು 10,000. ಕಟ್ಟುವಾಗ 40 ಅಳತೆಗೆ 6,000, 60 ಅಳತೆಗೆ 3,000, ಒಟ್ಟು 9,000. ಎರಡಕ್ಕೂ ನೂರರಂತೆ ಪ್ರಾಮಾಣಿಕವಾಗಿ ಬರೆದವನು ಪೂರ್ತಿ 10,000 ಕಟ್ಟಬೇಕಾಗಿತ್ತು. ನಿಯಮದ ಒಂದಕ್ಷರವನ್ನೂ ಮುರಿಯದೆ ಸಾರ್ವಜನಿಕ ಬೊಕ್ಕಸದಿಂದ ಸಾವಿರ ರೂಪಾಯಿ ಜಾರಿತು. ಖರೀದಿದಾರರು ಹೀಗೆಯೇ ದರಗಳನ್ನು ಓರೆಯಾಗಿಸಿ ಬರೆಯುತ್ತಿದ್ದರು ಎಂಬುದಕ್ಕೆ ಈ ಇಬ್ಬರು ಪುರಾವೆ ಒದಗಿಸಿದರು. ಕಾಡು ಸುತ್ತಿ ಬಂದವರು ಹಲವರಿದ್ದಲ್ಲಿ ಅವರೊಳಗಿನ ಪೈಪೋಟಿಯೇ ಈ ಲಾಭದ ಬಹುಭಾಗವನ್ನು ಕರಗಿಸಿಬಿಡುತ್ತದೆ ಎಂದೂ ತೋರಿಸಿದರು.

2011ರಲ್ಲಿ ಇದೇ ಇಬ್ಬರು ಎನ್ರಿಕ್ ಸೇರಾ ಅವರೊಡಗೂಡಿ ಬಹಿರಂಗ ಕೂಗು ಮತ್ತು ಮುಚ್ಚಿದ ಲಕೋಟೆಗಳನ್ನು ಹೋಲಿಸಿದರು. ಲಕೋಟೆಯ ಪದ್ಧತಿ ಇದ್ದಲ್ಲಿ ಸ್ವಂತ ಸಾಮಿಲ್ಲುಗಳಿಲ್ಲದ ಸಣ್ಣ ಮರಕಡಿತಗಾರರು ಹೆಚ್ಚಾಗಿ ಮುಂದೆ ಬರುತ್ತಾರೆ, ಹೆಚ್ಚಾಗಿ ಗೆಲ್ಲುತ್ತಾರೆ ಎಂಬುದು ಅವರ ನಿಷ್ಕರ್ಷೆ. ದೊಡ್ಡವನ ಎದುರಿಗೆ ಕೂಗಲು ಅಂಜುವ ಸಣ್ಣವನು ಗುಟ್ಟಾಗಿ ಬರೆಯಲು ಅಂಜುವುದಿಲ್ಲ. ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ನಿಯಮದ ಒಂದು ಸಾಲು ಬದಲಾದರೆ ಸಾರ್ವಜನಿಕ ಸಂಪತ್ತು ಯಾರ ಪಾಲಾಗುತ್ತದೆ ಎಂಬುದೇ ಬದಲಾಗುತ್ತದೆ.

ಗೂಬೆಗೆ ಬಿಡ್ ಇಲ್ಲ

ಇಷ್ಟೆಲ್ಲ ಜಾಣತನದ ಸಂಶೋಧನೆಗೆ ವಸ್ತುವಾದ ಆ ವಾಯವ್ಯ ಕಾಡುಗಳಲ್ಲಿಯೇ ಇನ್ನೊಂದು ಕಥೆ ನಡೆಯಿತು. ಶತಮಾನಗಳಷ್ಟು ಹಳೆಯ ಡಗ್ಲಸ್ ಫರ್ ಮರಗಳ ನಡುವೆ ಬಾಳುವ ಚುಕ್ಕೆ ಗೂಬೆಯ ಸಂತತಿ ಕ್ಷೀಣಿಸುತ್ತಿತ್ತು. 1990ರಲ್ಲಿ ಅದನ್ನು ಅಪಾಯದ ಅಂಚಿನಲ್ಲಿರುವ ಜೀವಿಯೆಂದು ಘೋಷಿಸಲಾಯಿತು. 1991ರಲ್ಲಿ ನ್ಯಾಯಾಧೀಶ ವಿಲಿಯಂ ಡ್ವಯರ್ ಅವರು ಗೂಬೆಯ ನೆಲೆಗಳಲ್ಲಿ ಮರ ಮಾರಾಟವನ್ನು ತಡೆದರು. 1994ರಲ್ಲಿ ವಾಯವ್ಯ ಅರಣ್ಯ ಯೋಜನೆ ಜಾರಿಗೆ ಬಂದು ಕಡಿತ ತೀವ್ರವಾಗಿ ಇಳಿಯಿತು. ಮರದ ಉದ್ಯಮವನ್ನೇ ನಂಬಿದ್ದ ಊರುಗಳು ಸಂಕಟಕ್ಕೆ ಸಿಲುಕಿದವು ಎಂಬುದನ್ನೂ ಮರೆಯುವಂತಿಲ್ಲ.

ಅದುವರೆಗೆ ನಡೆದ ಸಾವಿರಾರು ಹರಾಜುಗಳಲ್ಲಿ ಗೂಬೆಯ ಪರವಾಗಿ ಒಂದು ಬಿಡ್ಡೂ ಇರಲಿಲ್ಲ. ಹಳೆಯ ಕಾಡು ಹಿಡಿದಿಡುವ ಮಣ್ಣಿಗೆ, ತಣ್ಣಗಿಡುವ ತೊರೆಗೆ, ಆ ತೊರೆಯ ಮೀನಿಗೆ ಬಿಡ್ ಇರಲಿಲ್ಲ. ಹರಾಜನ್ನು ಎಷ್ಟೇ ನಿರ್ದುಷ್ಟವಾಗಿ ರೂಪಿಸಿದರೂ ಅದು ಕಟ್ಟೆಯ ಬಳಿ ಬಂದವರ ಬೇಡಿಕೆಯನ್ನು ಮಾತ್ರ ಅಳೆಯುತ್ತದೆ. ಇದು ಶಾಸ್ತ್ರದ ದೋಷವಲ್ಲ. ‘ಈ ಮಾಲು ಮಾರಾಟಕ್ಕಿದೆ’ ಎಂಬ ನಿರ್ಧಾರವಾದ ಮೇಲೆಯೇ ಅದರ ಲೆಕ್ಕ ಶುರುವಾಗುತ್ತದೆ. ಮಾರಬೇಕೆ, ಮಾರುವುದಾದರೆ ಎಷ್ಟು ಎಂಬ ನಿರ್ಧಾರ ಕಾನೂನಿನಿಂದ, ವಿಜ್ಞಾನದಿಂದ, ಜನರ ಸಭೆಯಿಂದ ಬರಬೇಕು. ಆ ಮಿತಿ ಗಟ್ಟಿಯಾಗಿದ್ದಾಗ ಹರಾಜು ಉತ್ತಮ ಸೇವಕ.

ನಮ್ಮ ನಾಡಿನ ಪಾಠ

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ನಿದರ್ಶನವಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಅಕ್ರಮ ಗಣಿಗಾರಿಕೆ ಮಿತಿಮೀರಿದಾಗ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನೇ ನಿಲ್ಲಿಸಿ, ಅದಿರಿನ ಮಾರಾಟಕ್ಕೆ ಇ-ಹರಾಜನ್ನು ಕಡ್ಡಾಯಗೊಳಿಸಿತು. ಪತ್ರಿಕೆಗಳು ಹರಾಜನ್ನು ಹೊಗಳಿದವು. ಬೆಟ್ಟಗಳಿಗೆ ಉಸಿರು ಕೊಟ್ಟದ್ದು ಮಾತ್ರ ಅದರ ಜೊತೆಗೆ ಬಂದ ಇನ್ನೊಂದು ಕ್ರಮ: ಮೂರೂ ಜಿಲ್ಲೆಗಳಿಂದ ವರ್ಷಕ್ಕೆ 3 ಕೋಟಿ ಟನ್ನಿಗಿಂತ ಹೆಚ್ಚು ಅದಿರು ತೆಗೆಯಬಾರದೆಂಬ ಮಿತಿ. ಮುಂದೆ ಆ ಮಿತಿಯನ್ನು 2017ರಲ್ಲಿಯೂ 2022ರಲ್ಲಿಯೂ ಏರಿಸಲಾಯಿತು. 2022ರಲ್ಲಿಯೇ ಇ-ಹರಾಜಿನ ಕಡ್ಡಾಯವೂ ಹೋಯಿತು. ಹರಾಜು ಹೋದದ್ದಕ್ಕಿಂತ ಮಿತಿ ಏರಿದ್ದೇ ಹೆಚ್ಚು ಚಿಂತೆಗೆ ಕಾರಣವಾಗಬೇಕಾದ ಸಂಗತಿ.

ನೈಸರ್ಗಿಕ ಸಂಪತ್ತನ್ನೆಲ್ಲ ಹರಾಜಿನಿಂದಲೇ ಕೊಡಬೇಕೆ ಎಂಬ ಪ್ರಶ್ನೆಯನ್ನು ರಾಷ್ಟ್ರಪತಿಗಳು ಕೇಳಿದಾಗ, 2012ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಹರಾಜೊಂದೇ ಸಂವಿಧಾನಬದ್ಧ ಮಾರ್ಗವಲ್ಲ, ಸಮಾಜದ ಸಾಮಾನ್ಯ ಹಿತವೇ ಒರೆಗಲ್ಲು ಎಂದು ಅಭಿಪ್ರಾಯಪಟ್ಟಿತು. ಈ ಮಾತನ್ನು ಆಳುವವರು ಮರೆತರೂ ನಾವು ಮರೆಯಬಾರದು.

ಹರಾಜು ರೈತನಿಗೆ ನೆರವಾದ ಉದಾಹರಣೆಯೂ ನಮ್ಮಲ್ಲಿದೆ. ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಒಂದೇ ವಿದ್ಯುನ್ಮಾನ ವೇದಿಕೆಗೆ ತಂದ ಕ್ರಮವನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಭತ್ತದ ಬೆಲೆ ಶೇ. 5.1ರಷ್ಟು, ನೆಲಗಡಲೆಯದು ಶೇ. 3.6ರಷ್ಟು, ಮೆಕ್ಕೆಜೋಳದ್ದು ಶೇ. 3.5ರಷ್ಟು ಏರಿತೆಂದು ಲೆಕ್ಕಹಾಕಿತು. ಬೆಳೆದವನು ತನ್ನ ಬೆಳೆಯನ್ನು ತಾನೇ ಮಾರುವಾಗ ಹೆಚ್ಚು ಜನ ಕೊಳ್ಳುವವರು ಬರಲಿ ಎನ್ನುವುದು ನ್ಯಾಯ. ಭತ್ತ ಮುಂದಿನ ವರ್ಷ ಮತ್ತೆ ಬೆಳೆಯುತ್ತದೆ. ಕಾಡಿನ ಉಪ್ಪಾಗೆಯ ಸಂಗತಿ ಬೇರೆ. ಅಲ್ಪಾವಧಿಗೆ ಗುತ್ತಿಗೆ ಹಿಡಿದವನು ಕೊಟ್ಟ ಹಣವನ್ನು ಅಷ್ಟರೊಳಗೆ ಹೊರಡಿಸಿಕೊಳ್ಳಬೇಕು. ಟೆಂಡರಿನ ಮೊತ್ತ ಏರಿದಷ್ಟೂ ಕಾಯಿ ಬಲಿಯುವ ಮೊದಲೇ ಕೊಯ್ಯುವ, ಕೊಂಬೆ ಮುರಿಯುವ ಆತುರ ಹೆಚ್ಚುತ್ತದೆ. ಸರ್ಕಾರಕ್ಕೆ ಹೆಚ್ಚು ಹಣ ತಂದ ಹರಾಜೇ ಮರಕ್ಕೆ ಹೆಚ್ಚು ಗಾಯ ಮಾಡಬಹುದು. 2006ರ ಅರಣ್ಯ ಹಕ್ಕು ಕಾಯಿದೆಯು ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಟ್ಟಿರುವುದರ ಹಿಂದೆ ಈ ವಿವೇಕವಿದೆ. ಮುಂದಿನ ವರ್ಷವೂ ಅದೇ ಮರದ ಬುಡಕ್ಕೆ ಹೋಗಬೇಕಾದವನು ಕೊಂಬೆ ಮುರಿಯಲಾರ.

ಹರಾಜನ್ನು ಕಾಡಿನ ಪರವಾಗಿ ತಿರುಗಿಸಿದವರೂ ಇದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2001ರ ಸುಮಾರಿಗೆ ‘ಬುಷ್ ಟೆಂಡರ್’ ಎಂಬ ಪ್ರಯೋಗ ನಡೆಯಿತು. ತಮ್ಮ ಜಮೀನಿನಲ್ಲಿ ಉಳಿದಿರುವ ಸ್ಥಳೀಯ ಸಸ್ಯಸಂಪತ್ತನ್ನು ಕಾಪಾಡಲು ಎಷ್ಟು ಹಣ ಬೇಕೆಂದು ರೈತರೇ ಬರೆದು ಕೊಟ್ಟರು. ಕೊಟ್ಟ ಹಣಕ್ಕೆ ಹೆಚ್ಚು ಜೀವವೈವಿಧ್ಯ ಉಳಿಸುವವರನ್ನು ಸರ್ಕಾರ ಆರಿಸಿತು. ಉಪಕರಣ ಅದೇ, ಉದ್ದೇಶ ಬೇರೆ. ಆದರೆ ಇದೂ ಖಾಸಗಿ ಜಮೀನಿಗೆ ಹೊಂದುವ ಮಾತು. ಬೆಟ್ಟ, ಗೋಮಾಳ, ದೇವರಕಾಡುಗಳ ಪರವಾಗಿ ಒಬ್ಬನೇ ನಿಂತು ಬೆಲೆ ಬರೆಯುವಂತಿಲ್ಲ.

ನಾವು ಕೇಳಬೇಕಾದ ಪ್ರಶ್ನೆಗಳು

ಆದ್ದರಿಂದ ಹರಾಜಿನ ಶಾಸ್ತ್ರವನ್ನು ಕಂಪನಿಗಳ ಸೊತ್ತೆಂದು ತಳ್ಳಿಹಾಕದೆ ನಮ್ಮ ಕೈಗೂ ತೆಗೆದುಕೊಳ್ಳೋಣ. ಊರಿನ ಸರಹದ್ದಿನಲ್ಲಿ ಮರಳಿಗೋ, ಕಲ್ಲಿಗೋ, ಕಿರು ಅರಣ್ಯ ಉತ್ಪನ್ನಕ್ಕೋ ಟೆಂಡರಿನ ಪ್ರಕಟಣೆ ಬಂದಾಗ ಗ್ರಾಮಸಭೆ ಕೆಲವು ಪ್ರಶ್ನೆಗಳನ್ನು ಬರಹದಲ್ಲಿ ಕೇಳಲಿ. ಇಷ್ಟೇ ತೆಗೆಯಬಹುದೆಂಬ ಮಿತಿಯನ್ನು ಯಾರು, ಯಾವ ಆಧಾರದ ಮೇಲೆ ನಿಗದಿ ಮಾಡಿದರು? ಪರಿಮಾಣದ ಅಂದಾಜು ಯಾರದು, ತೆಗೆದ ಮೇಲೆ ಅಳೆಯುವವರು ಯಾರು? ಸರ್ಕಾರಿ ಸವಾಲಿನ ಬೆಲೆ ಎಷ್ಟು? ಕಳೆದ ಸಲ ಎಷ್ಟು ಜನ ಬರೆದಿದ್ದರು, ಅವರಲ್ಲಿ ಒಂದೇ ಮನೆಯವರೆಷ್ಟು? ಮಾಹಿತಿ ಹಕ್ಕಿನ ಅಡಿಯಲ್ಲಿ ಕೆಲವು ವರ್ಷಗಳ ಬಿಡ್ಡುಗಳ ಪಟ್ಟಿಯನ್ನು ಪಡೆದು, ಕಾಲೇಜಿನ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಕೂತು ಲೆಕ್ಕಹಾಕಿದರೆ ಅನೇಕ ಒಳಒಪ್ಪಂದಗಳು ಹೊರಬಿದ್ದಾವು.

ಈ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ತೃಪ್ತಿಕರ ಉತ್ತರ ಸಿಗುವವರೆಗೆ ಉಳಿದವುಗಳಿಗೆ ಹೋಗುವ ಅಗತ್ಯವೇ ಇಲ್ಲ. ಮಿತಿ ನಿಗದಿಯಾಗದ ಮಾಲನ್ನು ಹರಾಜು ಕಟ್ಟೆಗೆ ತರಬಾರದು.