ಹಳಿಯೇ ಇಲ್ಲದ ಬಂದರಿಗೆ ಇಷ್ಟೊಂದು ಜೈಕಾರವೇ?

ಇರಾನಿನ ಚಾಬಹಾರ್ ಬಂದರಿನ ಮಾತು ಬಂದರೆ ನಮ್ಮಲ್ಲಿ ಎರಡು ಪಾಳಯ. ಅಮೆರಿಕದ ನಿರ್ಬಂಧವೇ ಎಲ್ಲ ಕೆಡಿಸಿತು ಎನ್ನುವವರು ಒಂದು ಕಡೆ, ಇರಾನಿನ ಸಹವಾಸವೇ ಬೇಡವಿತ್ತು ಎನ್ನುವವರು ಇನ್ನೊಂದು ಕಡೆ. ಹಳಿ ಎಲ್ಲಿದೆ ಎಂದು ಇಬ್ಬರೂ ಕೇಳುವುದಿಲ್ಲ.

ಚಾಬಹಾರ್‌ನಿಂದ ಇರಾನಿನ ಒಳನಾಡಿನ ಜಾಹೆದಾನ್‌ಗೆ 628 ಕಿ.ಮೀ. ಈ ರೈಲುಮಾರ್ಗ ಕಟ್ಟಿಕೊಡಲು ನಮ್ಮ ಸರ್ಕಾರಿ ರೈಲು ನಿರ್ಮಾಣ ಸಂಸ್ಥೆ ಇರ್ಕಾನ್ 2016ರ ಮೇ ತಿಂಗಳಲ್ಲಿ ಒಡಂಬಡಿಕೆಗೆ ಸಹಿ ಹಾಕಿತು. 2018ರ ನವೆಂಬರ್‌ನಲ್ಲಿ ಇರಾನಿನ ಮೇಲೆ ಮತ್ತೆ ನಿರ್ಬಂಧ ಹೇರಿದಾಗ ಅಮೆರಿಕ ಚಾಬಹಾರ್‌ಗೆ ವಿನಾಯಿತಿ ಕೊಟ್ಟಿತು. ಬಂದರಿಗಷ್ಟೇ ಅಲ್ಲ, ಅದಕ್ಕೆ ಸೇರಿದ ರೈಲುಮಾರ್ಗಕ್ಕೂ! ಆದರೂ ನಮ್ಮಿಂದ ಒಂದು ಮೀಟರ್ ಹಳಿ ಬೀಳಲಿಲ್ಲ. 2020ರ ಜುಲೈನಲ್ಲಿ ಇರಾನ್ ತಾನೇ ಹಳಿ ಹಾಕಲು ಶುರುಮಾಡಿತು. ಆಗ ದೆಹಲಿ ಕೊಟ್ಟ ವಿವರಣೆ: ಇರ್ಕಾನ್ ಸ್ಥಳ ಪರಿಶೀಲನೆ ಮುಗಿಸಿದೆ, ಮುಂದಿನ ಮಾತುಕತೆಗೆ ಅಧಿಕೃತ ಸಂಸ್ಥೆಯೊಂದನ್ನು ಇರಾನ್ ಇನ್ನೂ ಹೆಸರಿಸಬೇಕಿದೆ. ತಾಂಬೂಲ ಬದಲಾಯಿಸಿಕೊಂಡು ನಾಲ್ಕು ವರ್ಷ ಲಗ್ನದ ಮಾತೇ ಎತ್ತದ ಬೀಗರ ಕಥೆ ಇದು. ತಪ್ಪು ಎರಡೂ ಮನೆಯವರದು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ವಿನಾಯಿತಿ ಹಿಂತೆಗೆದುಕೊಂಡು, ಬಳಿಕ ಆರು ತಿಂಗಳ ಮಟ್ಟಿಗೆ ಮತ್ತೆ ಕೊಟ್ಟಿದ್ದು ನಿಜ. ಆದರೆ ಕೈಯಲ್ಲಿ ವಿನಾಯಿತಿ ಇದ್ದ ವರ್ಷಗಳ ಲೆಕ್ಕ ಯಾರು ಕೊಡಬೇಕು?

ಅಫ್ಗಾನಿಸ್ತಾನಕ್ಕೆ ಗೋಧಿ ಕಳಿಸಲು ಚಾಬಹಾರ್ ನೆರವಾಯಿತು, ಒಪ್ಪೋಣ. ಆದರೆ 2000ದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಭಾರತ, ಇರಾನ್, ರಷ್ಯಾ ಸಹಿ ಹಾಕಿದ 7,200 ಕಿ.ಮೀ. ಉದ್ದದ ಉತ್ತರ–ದಕ್ಷಿಣ ಸಾರಿಗೆ ಕಾರಿಡಾರ್‌ಗೆ ಆಧಾರ ಚಾಬಹಾರ್ ಅಲ್ಲ, ಇರಾನಿನ ಇನ್ನೊಂದು ಬಂದರಾದ ಬಂದರ್ ಅಬ್ಬಾಸ್. ಅಲ್ಲಿಗೆ 1990ರ ದಶಕದಲ್ಲೇ ರೈಲು ಬಂದಿದೆ. ಗೂಡ್ಸ್ ರೈಲು ಅಲ್ಲಿಂದ ಉತ್ತರಕ್ಕೆ ಹೊರಟು ಖಜ್ವೀನ್ ದಾಟಿ ರಶ್ತ್ ತಲುಪುತ್ತದೆ. ಅಲ್ಲಿಂದ ಅಜರ್‌ಬೈಜಾನ್ ಗಡಿಯ ಅಸ್ತಾರಾ ಕಡೆಗೆ ಹಳಿ ಇಲ್ಲ. ಕ್ರೇನ್ ಬಂದು ಕಂಟೇನರ್ ಎತ್ತಿ ಲಾರಿಗೆ ಇಡಬೇಕು. ಒಂದು ಪಕ್ಕ ಕ್ಯಾಸ್ಪಿಯನ್ ಸಮುದ್ರ, ಇನ್ನೊಂದು ಪಕ್ಕ ಬೆಟ್ಟ, ನಡುವಿನ ಭತ್ತದ ಗದ್ದೆಗಳ ಪಟ್ಟಿಯಲ್ಲಿ ಲಾರಿ ಅಸ್ತಾರಾವರೆಗೆ ಹೋಗಬೇಕು. ಗಡಿಯಲ್ಲಿ ಮತ್ತೊಮ್ಮೆ ಎತ್ತಿ ವ್ಯಾಗನ್‌ಗೆ ಏರಿಸಬೇಕು. ಹಳಿ ಬಂದರೂ ಗೇಜ್ ಬದಲಾಗುವಲ್ಲಿ ಒಂದು ತಡೆ ತಪ್ಪದು, ಏಕೆಂದರೆ ಇರಾನಿನ ಗೇಜ್ 1,435 ಮಿ.ಮೀ., ಅಜರ್‌ಬೈಜಾನ್ ಮತ್ತು ರಷ್ಯಾದ್ದು 1,520. ಪ್ರತಿ ಸಲ ಎತ್ತಿದಾಗಲೂ ಬಾಡಿಗೆ ಏರುತ್ತದೆ, ದಿನ ಜಾರುತ್ತದೆ.

ರಶ್ತ್–ಅಸ್ತಾರಾ ನಡುವಿನ ಈ ಹಳಿಯ ಕೊರತೆ 162 ಕಿ.ಮೀ. ಅದನ್ನು ತುಂಬಲು 2023ರ ಮೇನಲ್ಲಿ ರಷ್ಯಾ 130 ಕೋಟಿ ಯೂರೊ ಸಾಲ ಕೊಡಲು ಒಪ್ಪಿತು. ಆಮೇಲೆ ಕೆಲಸ ಭೂಸ್ವಾಧೀನದಲ್ಲಿ ಕುಂಟಿತು. (ಹೆಚ್ಚುಕಡಿಮೆ ಅಷ್ಟೇ ಉದ್ದದ ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕಾಗಿ ತೊಂಬತ್ತರ ದಶಕದಿಂದ ಕಾದವರು ನಾವು, ನಗುವ ಹಾಗಿಲ್ಲ.) ಸಾಲ ರಷ್ಯಾದ್ದು, ಜಮೀನು ಇರಾನಿನದು. ನಮ್ಮದು? ಬರೀ ಹೇಳಿಕೆ.

ಈ ದಾರಿ ಬೇಡವೇ ಬೇಡ ಎನ್ನುವವರ ವಾದವೂ ನಿಲ್ಲುವುದಿಲ್ಲ. 2021ರಲ್ಲಿ ಒಂದೇ ಹಡಗು ಸೂಯೆಜ್ ಕಾಲುವೆಯನ್ನು ಆರು ದಿನ ಕಟ್ಟಿಹಾಕಿತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಶುರುವಾಯಿತು. ಬದಲಿ ದಾರಿ ಬೇಕೇ ಬೇಕು. ಆದರೆ ಆ ದಾರಿಯಲ್ಲಿ ಸಾಗಿಸುವುದೇನನ್ನು? 2024ರಲ್ಲಿ ಸೈಬೀರಿಯಾದ ಕುಜ್ಬಾಸ್‌ನಿಂದ ಭಾರತಕ್ಕೆಂದು ಕಲ್ಲಿದ್ದಲಿನ ರೈಲು ಇದೇ ಕಾರಿಡಾರ್‌ನ ಪೂರ್ವ ಕವಲಿನಲ್ಲಿ ಹೊರಟಿತು. ಆದರೆ ಆ ಕಡೆಗೆ ತುಂಬಿ ಕಳಿಸುವ ಸರಕು ನಮ್ಮಲ್ಲಿ ಕಡಿಮೆ. 2024–25ರಲ್ಲಿ ರಷ್ಯಾಕ್ಕೆ ನಮ್ಮ ರಫ್ತು 500 ಕೋಟಿ ಡಾಲರ್ ಕೂಡ ಮುಟ್ಟಲಿಲ್ಲ, ಆಮದು 6,300 ಕೋಟಿ ಡಾಲರ್ ದಾಟಿತು. ಅದರಲ್ಲಿ ಸಿಂಹಪಾಲು ಕಚ್ಚಾ ತೈಲ. ಅದು ಟ್ಯಾಂಕರ್ ಹಡಗಿನಲ್ಲಿ ಬರುತ್ತದೆ, ರೈಲಿನ ಹಂಗಿಲ್ಲ.

ಕೊಡಗು, ಚಿಕ್ಕಮಗಳೂರಿನ ಕಾಫಿಗೆ ರಷ್ಯಾ ಹಳೆಯ ಗಿರಾಕಿ. ಈ ಕಾರಿಡಾರ್‌ನಿಂದ ಚೀನಾಕ್ಕೆ ಸಡ್ಡು ಹೊಡೆಯುತ್ತೇವೆ ಎನ್ನುವ ಮಾತಿನಿಂದ ಕಾಫಿ ಕಳಿಸುವವರಿಗೆ ಏನಾಗಬೇಕಿದೆ? ಹಡಗು ಯಾವ ವಾರ ಹೊರಡುತ್ತದೆ, ವಿಮೆ ಯಾರು ಮಾಡುತ್ತಾರೆ, ಮಾಲು ಅಸ್ತಾರಾದಲ್ಲಿ ಸಿಕ್ಕಿಬಿದ್ದರೆ ಯಾರಿಗೆ ಫೋನ್ ಮಾಡಬೇಕು, ರಷ್ಯಾದಿಂದ ದುಡ್ಡು ಯಾವ ಬ್ಯಾಂಕಿನ ಮೂಲಕ ಬರುತ್ತದೆ ಎನ್ನುವುದು ಅವರಿಗೆ ಬೇಕು.

ಆದ್ದರಿಂದ ರಷ್ಯಾ, ಇರಾನ್ ಜೊತೆಗಿನ ಮುಂದಿನ ಸಭೆಯಲ್ಲಿ ಹೊಸ ಒಡಂಬಡಿಕೆ ಬೇಡ. ಮುಂಬೈಯಿಂದ ಮಾಸ್ಕೊವರೆಗೆ ಒಂದೇ ದರಪಟ್ಟಿ, ಒಂದೇ ರಸೀದಿ, ಹೊಣೆ ಹೊರುವ ಒಂದೇ ಜಂಟಿ ಕಂಪನಿ ಬೇಕೆಂದು ಭಾರತ ಪಟ್ಟು ಹಿಡಿಯಲಿ. ರಶ್ತ್–ಅಸ್ತಾರಾದಲ್ಲಿ ದುಡ್ಡು ಹಾಕುತ್ತೇವೋ ಇಲ್ಲವೋ ಎಂದು ಬಾಯಿಬಿಟ್ಟು ಹೇಳಲಿ. ಈ ದಾರಿಯಲ್ಲಿ ಹೋದ ಮತ್ತು ಬಂದ ಕಂಟೇನರ್‌ಗಳೆಷ್ಟು, ಅವುಗಳಲ್ಲಿ ಖಾಲಿ ಎಷ್ಟು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಲಿ.